ಎರಡು ಸಿಲಿಂಡರ್ ನಡುವೆ ನೀರು ತಿರುಗಿಸಿ ಗ್ರಹ ಹುಟ್ಟೋ ತಟ್ಟೆ ತೋರಿಸಬೇಕು: ಸುಳಿ ನಿಲ್ಲವಲ್ವು, ತಪ್ಪೆಲ್ಲೈತಿ?

ಕಪ್ಪತಗುಡ್ಡ_ಗದಗ:

ಎಂ.ಎಸ್ಸಿ. ಫಿಸಿಕ್ಸ್ ಪ್ರಾಜೆಕ್ಟ್. ಹೊಸ ನಕ್ಷತ್ರದ ಸುತ್ತ ಇರೋ ಅನಿಲ-ಧೂಳಿನ ತಟ್ಟೆ ತನ್ನಷ್ಟಕ್ಕ ತಾನ ಕಲಕತೈತೋ, ಶಾಂತ ತಿರುಗತೈತೋ ಅನ್ನೂದನ್ನ ನೀರಿನಾಗ ತೋರಿಸೂದು ಉದ್ದೇಶ. ಉಪಕರಣ ಹಿಂಗೈತಿ:

ಒಳಗಿನ ಸಿಲಿಂಡರ್ 75 ಮಿ.ಮೀ. ಪಿವಿಸಿ ಪೈಪ್, ಲೇಥ್‌ನ್ಯಾಗ ತಿರುವಿ 70ಕ್ಕ ತಂದದ್ದು. ಹೊರಗಿಂದು ಅಕ್ರಿಲಿಕ್ ಕೊಳವೆ, ಒಳವ್ಯಾಸ 100 ಮಿ.ಮೀ., ತಳ ಮುಚ್ಚೈತಿ, ತಳನೂ ಅದರ ಜೊತಿಗೇ ತಿರುಗತೈತಿ. ಒಳಗಿಂದು ಮ್ಯಾಲಿಂದ ಜೋತು ಬಿದ್ದೈತಿ, ಹಿಂಗಾಗಿ ಸೀಲ್ ಬೇಕಾಗಿಲ್ಲ. ನೀರಿನ ಎತ್ತರ 300 ಮಿ.ಮೀ. ಎರಡಕ್ಕೂ ಬ್ಯಾರೆ ಬ್ಯಾರೆ 12 ವೋಲ್ಟ್ ಗೇರ್ ಮೋಟರ್, ಎರಡು ಸ್ಪೀಡ್ ಕಂಟ್ರೋಲರ್. ಒಳಗಿಂದು 60 ಆರ್‌ಪಿಎಂ, ಹೊರಗಿಂದು 20. ಬುಧ ಲಗೂ ಸುತ್ತತೈತಿ, ಶನಿ ಸಾವಕಾಶ ಸುತ್ತತೈತಿ, ಅದಕ್ಕ ಒಳಗ ಜೋರು, ಹೊರಗ ನಿಧಾನ ಇಟ್ಟದ್ದು. ಹರಿವು ಕಣ್ಣಿಗೆ ಕಾಣ್ಲಿ ಅಂತ ಬೋರ್‌ವೆಲ್ ನೀರಿನಾಗ ಶೇವಿಂಗ್ ಕ್ರೀಮ್ 20ಕ್ಕ 1ರಂಗ ಕಲಸಿ ಹಾಕೈತಿ.

ಆಗ್ತಿರೋ ತೊಂದರಿ ಮೂರು:

1. ಇಡ್ಲಿ ಪಾತ್ರಿಯೊಳಗಿನ ತಟ್ಟಿ ಹಂಗ ಒಂದರ ಮ್ಯಾಲೊಂದು ಅಡ್ಡ ಪಟ್ಟಿ ಕಾಣ್ತಾವ, ಸುಮಾರು ಹದಿನೆಂಟು-ಇಪ್ಪತ್ತು. ಪಟ್ಟಿಯೊಳಗೆಲ್ಲ ಕಲಕಾಟ. ಎರಡೂ ಮೋಟರ್ ವೇಗ ಅರ್ಧಕ್ಕ ಇಳಿಸಿದ್ರೂ ಹೋಗವಲ್ವು. ಹಂಗಾದ್ರ ಕೆಪ್ಲರ್ ಹರಿವು (ಗ್ರಹಗಳು ಸುತ್ತೋ ಲೆಕ್ಕದಾಗ ಸುತ್ತೋ ಹರಿವು) ತನ್ನಷ್ಟಕ್ಕ ತಾನ ಕಲಕತೈತಿ ಅಂತ ಬರೀಬಹುದೇನು?

2. ದ್ರವದಾಗ ಮೊಸರು ಒಡೆದಂಗ ಬಿಳಿ ಚೂರು.

3. ಧೂಳಿನ ಬದಲಿ ಸಾಸಿವಿ ಮತ್ತು ಸಣ್ಣ ಉಸುಕು ಹಾಕಿದ್ರ ಎಲ್ಲಾ ಹೊರಗೋಡಿಗೆ ಹೋಗಿ ತಳ ಸೇರ್ತಾವ. ಪುಸ್ತಕದಾಗ ಧೂಳು ಒಳಗ, ನಕ್ಷತ್ರದ ಕಡೆ ಸರೀತೈತಿ ಅಂತೈತಿ. ಇಲ್ಲಿ ಉಲ್ಟಾ ಯಾಕ?


ಸುತ್ತುಬಲ_ಧಾರವಾಡ:

ಬರೀಬ್ಯಾಡ್ರಿ! ನಿಮ್ಮ ಉಪಕರಣದಲ್ಲಿ ಈಗ ಇರುವುದು ಕೆಪ್ಲರ್ ಹರಿವೇ ಅಲ್ಲ. ಒಳಗೆ ಜೋರು, ಹೊರಗೆ ನಿಧಾನ ಅನ್ನುವುದು ಅರ್ಧ ಶರತ್ತು ಮಾತ್ರ. ಉಳಿದರ್ಧ ರ‍್ಯಾಲೆ 1917ರಲ್ಲಿ ಹೇಳಿದ್ದು: ಸುತ್ತುವೇಗವನ್ನು ತ್ರಿಜ್ಯದ ವರ್ಗದಿಂದ ಗುಣಿಸಿದರೆ ಬರುವ ಸಂಖ್ಯೆ, ಅಂದರೆ ಕೋನೀಯ ಸಂವೇಗ, ಹೊರಗೆ ಹೋದಂತೆ ಹೆಚ್ಚಾಗಬೇಕು. ಕಡಿಮೆಯಾದರೆ ಒಳಗಿನ ನೀರು ಹೊರಗೆ ಚಿಮ್ಮುತ್ತದೆ, ಸುಳಿ ಏಳುತ್ತದೆ.

ನಿಮ್ಮ ಅಂಕಿಗಳನ್ನೇ ಹಾಕಿ ನೋಡಿ. ಒಳಗೆ 60 ಗುಣಿಸು 35ರ ವರ್ಗ, 73,500. ಹೊರಗೆ 20 ಗುಣಿಸು 50ರ ವರ್ಗ, 50,000. ಕಡಿಮೆಯಾಯಿತು. ಆದ್ದರಿಂದ ನೀವು ನೋಡುತ್ತಿರುವುದು ಜಿ.ಐ. ಟೇಲರ್ 1923ರಲ್ಲಿ ವಿವರಿಸಿದ ಸುಳಿಗಳ ಕಲಕಿದ ರೂಪ. ಒಂದೊಂದು ಪಟ್ಟೆ ಸಂದಿಯ ಅಗಲದಷ್ಟೇ ದಪ್ಪ ಇರುತ್ತದೆ. ನಿಮ್ಮ ಸಂದಿ 15 ಮಿ.ಮೀ., ಎತ್ತರ 300, ಇಪ್ಪತ್ತರ ಆಸುಪಾಸು ಪಟ್ಟೆ ಬರಲೇಬೇಕು. ಆ ಮಟ್ಟಿಗೆ ಉಪಕರಣ ಸರಿಯಾಗೇ ಕೆಲಸ ಮಾಡುತ್ತಿದೆ.

ಎರಡೂ ಮೋಟರ್ ವೇಗವನ್ನು ಅರ್ಧಕ್ಕೆ ಇಳಿಸಿದರೆ ಉಪಯೋಗವಿಲ್ಲ, ಯಾಕೆಂದರೆ ಅನುಪಾತ ಬದಲಾಗುವುದಿಲ್ಲ. ಮೇಲಾಗಿ ಸುಳಿ ಏಳಲು ಶುರುವಾಗುವ ವೇಗದ ಮಿತಿ ಬಹಳ ಕೆಳಗಿದೆ. ಹೊರಗಿನದನ್ನು ಪೂರ್ತಿ ನಿಲ್ಲಿಸಿ ಒಳಗಿನದನ್ನಷ್ಟೇ ತಿರುಗಿಸಿದರೆ, ತ್ರಿಜ್ಯಗಳ ಅನುಪಾತ 0.7 ಇರುವ ನಿಮ್ಮ ಸಂದಿಗೆ ಮಿತಿಯ ರೇನಾಲ್ಡ್ಸ್ ಸಂಖ್ಯೆ (ಹರಿವಿನ ಜೋರು ದ್ರವದ ಅಂಟುತನಕ್ಕಿಂತ ಎಷ್ಟು ಪಟ್ಟು ಅನ್ನುವ ಅಳತೆ) ಸುಮಾರು 80. 27 ಡಿಗ್ರಿ ನೀರಿಗೆ ಲೆಕ್ಕ ಹಾಕಿದರೆ ಒಳಗಿನ ವೇಗ ನಿಮಿಷಕ್ಕೆ 1.2 ಸುತ್ತು! 60 ಆರ್‌ಪಿಎಂ ಅಂದರೆ ಮಿತಿಗಿಂತ ಐವತ್ತು ಪಟ್ಟು ಮೇಲೆ. ಹೊಸಬರೆಲ್ಲ ಇಲ್ಲೇ ಎಡವುವುದು. ಮೋಟರ್ ಹಚ್ಚಿದ ಕೂಡಲೇ ಕಲಕಾಟ ಕಾಣುತ್ತದೆ, ಶಾಂತ ಹರಿವಿನಿಂದ ಮೊದಲ ಸುಳಿ ಏಳುವ ಗಳಿಗೆ ಕಣ್ಣಿಗೆ ಬೀಳುವುದೇ ಇಲ್ಲ.

ಈಗ ಕೆಪ್ಲರ್‌ಗೆ ಬರೋಣ. ಸುತ್ತುವೇಗ ತ್ರಿಜ್ಯದ ಒಂದೂವರೆ ಘಾತಕ್ಕೆ ವಿಲೋಮ. 0.7ರ ಒಂದೂವರೆ ಘಾತ 0.586. ಅಂದರೆ ಒಳಗೆ 60 ಇದ್ದರೆ ಹೊರಗೆ 35 ಬೇಕು. ಮೇಲೆ ಹೇಳಿದ 1917ರ ಶರತ್ತಿನಿಂದ ಬರುವ ಕೆಳಗಿನ ಗಡಿ 0.7ರ ವರ್ಗ, 0.49, ಅಂದರೆ 29.4 ಆರ್‌ಪಿಎಂ. ಮೇಲಿನ ಗಡಿ 1, ಅಲ್ಲಿ ಎರಡೂ ಕೂಡಿ ತಿರುಗುತ್ತವೆ. ಈ ಎರಡು ಗಡಿಗಳ ನಡುವಿನದಕ್ಕೆ ಅರೆ-ಕೆಪ್ಲರ್ ಹರಿವು ಅನ್ನುತ್ತಾರೆ. 29.4ಕ್ಕೆ ತೀರಾ ಹತ್ತಿರ ಹೋಗಬೇಡಿ, ಮೋಟರ್ ಸ್ವಲ್ಪ ಅಲುಗಿದರೂ ಗಡಿ ದಾಟುತ್ತದೆ.

ಇನ್ನೊಂದು ಮಾತು. ಈ ಪ್ರಯೋಗ ಗೆದ್ದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಪ್ರಿನ್ಸ್‌ಟನ್‌ನ ಗುಂಪು 2006ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ್ದೂ ಅದನ್ನೇ. ಒಳತ್ರಿಜ್ಯ 7 ಸೆಂ.ಮೀ., ಹೊರತ್ರಿಜ್ಯ 20 ಸೆಂ.ಮೀ. ಇರುವ ಉಪಕರಣದಲ್ಲಿ, ರೇನಾಲ್ಡ್ಸ್ ಸಂಖ್ಯೆ 20 ಲಕ್ಷದವರೆಗೆ ಹೋದರೂ ಅರೆ-ಕೆಪ್ಲರ್ ಹರಿವು ಹೆಚ್ಚುಕಡಿಮೆ ಶಾಂತವಾಗಿಯೇ ಉಳಿಯಿತು. ನಿಮ್ಮದರಲ್ಲಿ 60 ಮತ್ತು 35 ಇಟ್ಟರೆ ಈ ಸಂಖ್ಯೆ 1,900ರ ಸುಮಾರು. ನಿಜವಾದ ತಟ್ಟೆಯಲ್ಲಿ ಕೋಟಿ ಕೋಟಿಯ ಮಟ್ಟದ್ದು. ಆದ್ದರಿಂದ ‘ತಟ್ಟೆ ಶಾಂತವಾಗಿರುತ್ತದೆ’ ಎಂದು ನೀವೂ ಸಾಧಿಸಲಾರಿರಿ, ‘ಕಲಕುತ್ತದೆ’ ಎಂದಂತೂ ಅಲ್ಲವೇ ಅಲ್ಲ.


ತಾರಿಹಾಳ_ಲೇಥ್:

ಎರಡು ಮೋಟರ್ ತಗದ್ಹಾಕ್ರಿ. ಅನುಪಾತನ ಮುಖ್ಯ ಅಂದ ಮ್ಯಾಲೆ ಎರಡು ಕಂಟ್ರೋಲರ್ ನಂಬಿ ಕೂಡಬಾರದು. ವೋಲ್ಟೇಜ್ ಏರಿಳಿತ ಒಂದೊಂದು ಮೋಟರಿಗೆ ಒಂದೊಂದು ನಮೂನಿ ತಾಗತೈತಿ.

ಬಾಜೂಕ 8 ಮಿ.ಮೀ.ದೊಂದು ಉದ್ದನ್ನ ಶಾಫ್ಟ್ ನಿಂದ್ರಸ್ರಿ, ಒಂದ ಮೋಟರ್ ಅದನ್ನ ತಿರುಗಿಸ್ಲಿ. ಅದರ ಮ್ಯಾಲೊಂದು, ಕೆಳಗೊಂದು 20 ಹಲ್ಲಿನ ಟೈಮಿಂಗ್ ಪುಲ್ಲಿ. ಮ್ಯಾಲೆ ಒಳಗಿನ ಸಿಲಿಂಡರಿನ ಶಾಫ್ಟಿಗೆ 36 ಹಲ್ಲಿಂದು, ಕೆಳಗ ಹೊರಗಿನದರ ಶಾಫ್ಟಿಗೆ 60 ಹಲ್ಲಿಂದು. 36 ಭಾಗ 60 ಅಂದ್ರ 0.6. ಇವು ಥ್ರೀಡಿ ಪ್ರಿಂಟರಿಗೆ ಹಾಕೋ ಜಿಟಿ2 ಪುಲ್ಲಿ, ತಯಾರ ಸಿಗ್ತಾವ. ಒಳಗಿಂದು 60 ಬೇಕಂದ್ರ ಬಾಜೂ ಶಾಫ್ಟ್ 108 ಆರ್‌ಪಿಎಂ ತಿರುಗಬೇಕು, ಹೊರಗಿಂದು ತಾನ 36 ಆಗತೈತಿ. ಮೋಟರ್ ಹಿಂದ ಮುಂದ ಆದ್ರೂ ಅನುಪಾತ ಕೆಡೂದಿಲ್ಲ. ವಿ-ಬೆಲ್ಟ್, ರಬ್ಬರ್ ಬ್ಯಾಂಡ್ ಹಾಕಬ್ಯಾಡ್ರಿ, ಜಾರತಾವ.

ಇನ್ನ ಆ ಪಿವಿಸಿ. 75ರ ಪೈಪ್ ತಿರುವಿ 70ಕ್ಕ ತಂದ್ರ ಗೋಡಿ ಭಾಳ ತೆಳ್ಳಗ ಉಳೀತೈತಿ. ಚಕ್ಕಿನ ದವಡಿ ಹಿಡದಾಗ ದುಂಡಗ ಕಾಣತೈತಿ, ಬಿಟ್ಟ ಕೂಡ್ಲೆ ಮೂರು ಮೂಲಿ ಆಗತೈತಿ. ಅದರ ಬದಲಿ ನೈಲಾನ್ ರಾಡ್ ಇಲ್ಲಂದ್ರ ಅಲ್ಯೂಮಿನಿಯಂ ಪೈಪ್ ತಗೋರಿ. ನೈಲಾನ್ ನೀರು ಕುಡದು ಸ್ವಲ್ಪ ಉಬ್ಬತೈತಿ, ವಾರಗಟ್ಲೆ ನೀರಾಗ ಬಿಡೂದಿದ್ರ ಅಲ್ಯೂಮಿನಿಯಂ ಚಲೋ. ಎರಡೂ ತುದಿಗೆ ಬುಶ್ ಕೂಡಿಸಿ, 12 ಮಿ.ಮೀ. ಶಾಫ್ಟ್ ಹಾಕಿ, ಶಾಫ್ಟ್ ಸೆಂಟರ್ ಮ್ಯಾಲೆ ಹಿಡದ ಕೊನಿ ಕಟ್ ಹೊಡೀರಿ. ಮೊದಲ ಸಿಲಿಂಡರ್ ತಿರುವಿ ಆಮ್ಯಾಲೆ ಶಾಫ್ಟ್ ಕೂಡಿಸಿದ್ರ ಓಲಾಟ ಗ್ಯಾರಂಟಿ. ಡಯಲ್ ಗೇಜ್ ಹಚ್ಚಿ ಮ್ಯಾಲೆ, ನಡುವ, ಕೆಳಗ ಮೂರೂ ಕಡೆ ನೋಡ್ರಿ, 0.1 ಮಿ.ಮೀ. ಒಳಗ ಇರಬೇಕು.

ಜೋತುಬಿದ್ದ ಸಿಲಿಂಡರಿಗೆ ಒಂದ ಬೇರಿಂಗ್ ಸಾಲೂದಿಲ್ಲ. 6201 ಎರಡು, ಅವುಗಳ ನಡುವ 80 ಮಿ.ಮೀ. ಆದ್ರೂ ಅಂತರ. ಕೆಳಗಿನ ಶಾಫ್ಟಿಗೂ ಹಂಗ. ಎರಡೂ ಶಾಫ್ಟ್ ಒಂದ ಗೆರಿಯೊಳಗ ಅದಾವೋ ಇಲ್ಲೋ ನೋಡಾಕ, ನೀರು ಹಾಕೋಕಿಂತ ಮೊದಲ ಸಂದಿಯೊಳಗ 15 ಮಿ.ಮೀ. ತುಂಡೊಂದು ಇಳಿಬಿಟ್ಟು ನಾಕೂ ದಿಕ್ಕಿಗೆ ಅಳೀರಿ.

ಅಕ್ರಿಲಿಕ್ ಒರಸಾಕ ಸ್ಪಿರಿಟ್ ಮುಟ್ಟಬ್ಯಾಡ್ರಿ. ಕಟ್ ಮಾಡಿದ ಅಂಚಿನಿಂದ ಕೂದಲೆಳಿ ಹಂಗ ಬಿರುಕು ಬಿಡತೈತಿ. ಸೋಪಿನ ನೀರು, ಹತ್ತಿ ಬಟ್ಟಿ, ಅಷ್ಟ.


ಬ್ಯಾಡಗಿ_ಬೀಕರ್:

ಎರಡನೇ ಪ್ರಶ್ನೆಗೆ ಉತ್ತರ ಬೋರ್‌ವೆಲ್. ಶೇವಿಂಗ್ ಕ್ರೀಮ್‌ನಲ್ಲಿ ಮಿಂಚುವುದು ಸ್ಟಿಯರಿಕ್ ಆಮ್ಲದ ಚಿಕ್ಕ ಚಿಕ್ಕ ಹರಳು, ಜೊತೆಗೆ ಸೋಪು ಇರುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಆ ಸೋಪನ್ನು ಹಿಡಿದು ಕರಗದ ಗಸಿ ಮಾಡುತ್ತದೆ. ಬಟ್ಟೆ ಒಗೆಯುವಾಗ ನೊರೆ ಬಾರದೆ ಬಿಳಿ ಗಸಿ ತೇಲುತ್ತದಲ್ಲ, ಅದೇ ಇದು. ಬ್ಯಾಟರಿ ಅಂಗಡಿಯಲ್ಲಿ 5 ಲೀಟರ್ ಕ್ಯಾನಿನಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ತನ್ನಿ. ನಿಮ್ಮ ಸಂದಿಗೆ ಬೇಕಾಗುವುದು 1.2 ಲೀಟರ್ ಮಾತ್ರ, ತಳದ್ದೂ ಸೇರಿ ಒಂದೂವರೆ ಇಟ್ಟುಕೊಳ್ಳಿ.

ಕಲಸುವಾಗ ನೊರೆ ಎಬ್ಬಿಸಬೇಡಿ. ನಿಧಾನ ತಿರುವಿ, ಒಂದು ರಾತ್ರಿ ಇಟ್ಟು, ಮೇಲಿನ ನೊರೆ ಚಮಚದಿಂದ ತೆಗೆದು, ಕೆಳಗಿನ ದ್ರವ ಮಾತ್ರ ಬಳಸಿ. ಒಳ ಸಿಲಿಂಡರಿಗೆ ಮಂಕು ಕಪ್ಪು ಬಣ್ಣ ಹಚ್ಚಿ. ಬೆಳಕು ಎದುರಿನಿಂದ ಬೇಡ, ಒಂದು ಬದಿಯಿಂದ ಸೀಳುಗಂಡಿಯ ಮೂಲಕ ಬರಲಿ. ಇಷ್ಟು ಮಾಡಿದರೆ ಅರ್ಧ ಸಮಸ್ಯೆ ಹೋಗುತ್ತದೆ. ಶೇವಿಂಗ್ ಕ್ರೀಮ್ ಬೇಡ ಅಂದರೆ ರೆಸಿನ್ ಕೆಲಸಕ್ಕೆ ಮಾರುವ ಅಭ್ರಕದ ಮುತ್ತಿನ ಪುಡಿಯೂ ಆಗುತ್ತದೆ. ಅದು ಬೇಗ ತಳ ಹಿಡಿಯುತ್ತದೆ, ಪ್ರತಿ ಸಲ ತಿರುವಬೇಕು.

ಕಿಟಕಿಯ ಬಿಸಿಲು ಒಂದು ಪಕ್ಕಕ್ಕೆ ಬೀಳದಂತೆ ನೋಡಿಕೊಳ್ಳಿ. ಉಷ್ಣತೆ ಒಂದು ಡಿಗ್ರಿ ಏರಿದರೆ ನೀರಿನ ಸ್ನಿಗ್ಧತೆ (ಅಂಟುತನ) ಶೇ. 2ರಷ್ಟು ಇಳಿಯುತ್ತದೆ. ಏಪ್ರಿಲ್‌ನಲ್ಲಿ ಬೆಳಗಿನ ಅಂಕಿಯೂ ಮಧ್ಯಾಹ್ನದ ಅಂಕಿಯೂ ಹೊಂದುವುದಿಲ್ಲ. ಪ್ರತಿ ಓಟಕ್ಕೂ ಥರ್ಮಾಮೀಟರ್ ಅಂಕಿ ಬರೆಯಿರಿ.


ಧೂಳಿನ_ಕಣ:

ಸಾಸಿವೆಯ ಪ್ರಶ್ನೆ ಚಲೋ ಅದ. ನಿಮಗೆ ಉಲ್ಟಾ ಕಂಡದ್ದು ನಿಜವಾಗಿ ಒಂದೇ ನಿಯಮ.

ದ್ರವಕ್ಕಿಂತ ಭಾರವಾದ ಕಣ ಒತ್ತಡ ಹೆಚ್ಚಿರುವ ಕಡೆಗೆ ಸರಿಯುತ್ತದೆ. ನಿಮ್ಮ ಸಿಲಿಂಡರಿನಲ್ಲಿ ನೀರನ್ನು ತಿರುಗುವಂತೆ ಹಿಡಿದಿಟ್ಟಿರುವುದು ಹೊರಗೋಡೆ. ಗೋಡೆಯ ಬಳಿ ಒತ್ತಡ ಹೆಚ್ಚು, ಆದ್ದರಿಂದ ಸಾಸಿವೆ ಹೊರಗೆ ಹೋಗುತ್ತದೆ. ನಕ್ಷತ್ರದ ತಟ್ಟೆಗೆ ಗೋಡೆ ಇಲ್ಲ. ಅಲ್ಲಿ ಹಿಡಿದಿಟ್ಟಿರುವುದು ಗುರುತ್ವ, ಅನಿಲ ಒಳಗಡೆ ದಟ್ಟ ಮತ್ತು ಬಿಸಿ, ಒತ್ತಡ ಒಳಗೇ ಹೆಚ್ಚು. ಹಾಗಾಗಿ ಧೂಳು ಒಳಗೆ ಹೋಗುತ್ತದೆ.

ಇದನ್ನೇ ಇನ್ನೊಂದು ರೀತಿ ಹೇಳುವುದುಂಟು. ಒತ್ತಡ ಅನಿಲವನ್ನು ಸ್ವಲ್ಪ ಹೊರಗೆ ತಳ್ಳುವುದರಿಂದ ಅನಿಲ ಕೆಪ್ಲರ್ ವೇಗಕ್ಕಿಂತ ತುಸು ನಿಧಾನ ಸುತ್ತುತ್ತದೆ. ಭೂಮಿಯಷ್ಟು ದೂರದಲ್ಲಿ ಕೆಪ್ಲರ್ ವೇಗ ಸೆಕೆಂಡಿಗೆ 30 ಕಿ.ಮೀ., ಅನಿಲದ ಹಿಂದುಳಿತ ಕೆಲವು ಹತ್ತು ಮೀಟರ್. ಕಲ್ಲಿಗೆ ಈ ಒತ್ತಡದ ಆಸರೆ ಇಲ್ಲ, ಅದು ಪೂರಾ ವೇಗದಲ್ಲಿ ಸುತ್ತಬೇಕು. ಅದಕ್ಕೆ ಸದಾ ಎದುರುಗಾಳಿ. ಸಂವೇಗ ಕಳೆದುಕೊಂಡು ಒಳಗೆ ಸುರುಳಿ ಹೊಡೆಯುತ್ತದೆ. ವೈಡನ್‌ಶಿಲ್ಲಿಂಗ್ 1977ರಲ್ಲಿ ಲೆಕ್ಕ ಹಾಕಿದಂತೆ ಒಂದು ಮೀಟರ್ ಗಾತ್ರದ ಬಂಡೆ ಭೂಮಿಯ ದೂರದಿಂದ ನೂರು ವರ್ಷದ ಆಸುಪಾಸಿನಲ್ಲೇ ನಕ್ಷತ್ರಕ್ಕೆ ಬೀಳುತ್ತದೆ. ಗ್ರಹ ಕಟ್ಟುವುದಕ್ಕೆ ಅಷ್ಟು ಸಮಯ ಸಾಲುವುದೇ ಇಲ್ಲ. ಈ ಕ್ಷೇತ್ರದ ದೊಡ್ಡ ತಲೆನೋವು ಇದೇ.

ಬಿಡುಗಡೆಯೂ ಅದೇ ನಿಯಮದಲ್ಲಿದೆ. ತಟ್ಟೆಯ ನಡುವೆ ಎಲ್ಲಾದರೂ ಒತ್ತಡದ ದಿಬ್ಬ ಇದ್ದರೆ ಧೂಳು ಎರಡೂ ಕಡೆಯಿಂದ ಬಂದು ಅಲ್ಲಿ ನಿಲ್ಲುತ್ತದೆ. ಚಿಲಿಯ ಆಲ್ಮಾ ದೂರದರ್ಶಕ 2014ರಲ್ಲಿ ತೆಗೆದ ಎಚ್‌ಎಲ್ ಟಾರಿ ತಟ್ಟೆಯ ಚಿತ್ರದಲ್ಲಿ ಬಳೆ ಬಳೆಯಾಗಿ ಕಾಣುವ ಉಂಗುರಗಳಿಗೆ ಹೆಚ್ಚಿನವರು ಕೊಡುವ ವಿವರಣೆ ಇದು. ಬಾರ್ಜ್ ಮತ್ತು ಸೊಮೇರಿಯಾ 1995ರಲ್ಲಿ ಸೂಚಿಸಿದ ಸುಳಿಗಳೂ ಹಾಗೆಯೇ: ತಟ್ಟೆಯ ತಿರುಗುವಿಕೆಗೆ ಎದುರಾಗಿ ತಿರುಗುವ ಸುಳಿಯ ನಡುವೆ ಒತ್ತಡ ಹೆಚ್ಚು, ಧೂಳು ಅದರ ಹೊಟ್ಟೆಯೊಳಗೆ ಸೇರುತ್ತದೆ. ಬಕೆಟ್ಟಿನಲ್ಲಿ ಮಾಡುವ ಮಾಮೂಲು ಸುಳಿಯ ನಡುವೆ ಒತ್ತಡ ಕಡಿಮೆ, ಅಲ್ಲಿ ಭಾರದ ಕಣ ಹೊರಗೆ ಹೋಗುತ್ತದೆ. ಇವೆರಡನ್ನು ಒಂದೇ ಎಂದು ಪೋಸ್ಟರಿನಲ್ಲಿ ಹಾಕಬೇಡಿ, ವೈವಾದಲ್ಲಿ ಮೊದಲ ಪ್ರಶ್ನೆಯೇ ಅದು ಬರುತ್ತದೆ.

ತೋರಿಸಲೇಬೇಕೆಂದರೆ ಹೀಗೆ ಮಾಡಿ. ಉಸುಕು ನೀರಿಗಿಂತ ಎರಡೂವರೆ ಪಟ್ಟು ಭಾರ, ಅದು ಏನೂ ಹೇಳುವ ಮೊದಲೇ ತಳ ಸೇರುತ್ತದೆ. ಪಾಲಿಸ್ಟೈರೀನ್ ಗಟ್ಟಿ ಕಣ ತೆಗೆದುಕೊಳ್ಳಿ, ಸಾಂದ್ರತೆ 1.05. ಉಬ್ಬಿದ ಥರ್ಮೋಕೋಲ್ ಅಲ್ಲ, ಉಬ್ಬದ್ದು. 930 ಗ್ರಾಂ ನೀರಿಗೆ 70 ಗ್ರಾಂ ಉಪ್ಪು ಹಾಕಿದರೆ ದ್ರವವೂ ಹತ್ತಿರ ಹತ್ತಿರ 1.05 ಆಗುತ್ತದೆ, ಕಣ ನಡುವೆ ತೂಗುತ್ತದೆ. ಉಪ್ಪು ಸ್ವಲ್ಪ ಕಡಿಮೆ ಮಾಡಿದರೆ ಕಣ ನಿಧಾನ ಹೊರಗೆ ಸರಿಯುತ್ತದೆ, ಸ್ವಲ್ಪ ಹೆಚ್ಚು ಮಾಡಿದರೆ ಒಳಗಿನ ಸಿಲಿಂಡರಿನ ಕಡೆ. ಅದೇ ಕಣ, ಅದೇ ವೇಗ. ದಿಕ್ಕು ಬದಲಾಯಿಸುವುದು ಒಂದು ಮುಷ್ಟಿ ಉಪ್ಪು. ಒತ್ತಡದ ನಿಯಮಕ್ಕೆ ಇದಕ್ಕಿಂತ ಸರಳ ಪುರಾವೆ ಕಡಿಮೆ ಖರ್ಚಿನಲ್ಲಿ ಸಿಗದು. ಇದನ್ನು ಶೇವಿಂಗ್ ಕ್ರೀಮ್ ಇಲ್ಲದ ಬರೀ ನೀರಿನಲ್ಲಿ ಮಾಡಿ, ಉಪ್ಪಿಗೂ ಅದು ಗಟ್ಟಿಯಾಗುತ್ತದೆ. ಮೇಲೆ ತೇಲುವ ಕಣ ಗೋಡೆಗೆ ಅಂಟಿದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಅಂಚಿನಲ್ಲಿ ನೀರು ಏರುವುದರ ಆಟ.

ಧೂಳು ಧೂಳಿಗೆ ಅಂಟುವುದನ್ನು ನೀರಿನಲ್ಲಿ ತೋರಿಸುವ ದಾರಿ ಇಲ್ಲ. ಅದಕ್ಕೆ ಜರ್ಮನಿಯ ಬ್ರೆಮೆನ್‌ನಲ್ಲಿ 110 ಮೀಟರ್ ಬೀಳುವ ನಿರ್ವಾತ ಕೊಳವೆ ಇದೆ. ಬಿಟ್ಟರೆ 4.7 ಸೆಕೆಂಡ್, ಕೆಳಗಿನಿಂದ ಎಸೆದರೆ 9 ಸೆಕೆಂಡಿಗೂ ಹೆಚ್ಚು ತೂಕವಿಲ್ಲದ ಸ್ಥಿತಿ ಸಿಗುತ್ತದೆ. ಮೈಕ್ರಾನ್ ಗಾತ್ರದ ಸಿಲಿಕಾ ಕಣಗಳು ಸೆಕೆಂಡಿಗೆ ಸುಮಾರು 1 ಮೀಟರ್ ವೇಗದವರೆಗೆ ಅಂಟುತ್ತವೆ, ಆಚೆಗೆ ಪುಟಿಯುತ್ತವೆ. ಕಲಕಾಟ ಹೆಚ್ಚಾದರೆ ಡಿಕ್ಕಿಯ ವೇಗವೂ ಹೆಚ್ಚು. ನಿಮ್ಮ ಸಿಲಿಂಡರಿನ ಪ್ರಶ್ನೆ ಗ್ರಹದ ಹುಟ್ಟಿಗೆ ಕೂಡುವುದು ಇಲ್ಲಿ.


ಕಪ್ಪತಗುಡ್ಡ_ಗದಗ:

ಎಲ್ಲರಿಗೂ ಧನ್ಯವಾದ ರೀ. ಅಲ್ಯೂಮಿನಿಯಂ ಸಿಲಿಂಡರ್, ಒಂದ ಮೋಟರ್, 36 ಮತ್ತು 60 ಹಲ್ಲು, ಡಿಸ್ಟಿಲ್ಡ್ ವಾಟರ್, ಎಲ್ಲಾ ಬದಲಾತು. 60 ಮತ್ತು 36 ಆರ್‌ಪಿಎಂ, 27 ಡಿಗ್ರಿ. ಚೂರು ಹೋದವು. ನಡುವಿನ ಪಟ್ಟಿ ಪೂರಾ ಮಾಯ, ರೇಷ್ಮಿ ಹಂಗ ನುಣುಪು. ಆದ್ರ ತಳದಿಂದ 40 ಮಿ.ಮೀ. ತನಕ ಇನ್ನೂ ಕಲಕತೈತಿ. ಸುರುವಿನ ಎರಡು-ಮೂರು ನಿಮಿಷ ಅಂತೂ ಎಲ್ಲಾ ಕಡೆ ಗದ್ದಲ. ಇದು ಮೋಟರಿಂದೋ, ಹರಿವಿಂದೋ?


ಸುತ್ತುಬಲ_ಧಾರವಾಡ:

ಮೊದಲಿನ ಗದ್ದಲಕ್ಕೆ ಚಿಂತಿ ಬ್ಯಾಡ. ನೀರು ಹೊಸ ವೇಗಕ್ಕೆ ಹೊಂದಲು ನಿಮ್ಮ ಎತ್ತರಕ್ಕೆ ಎರಡೂವರೆ-ಮೂರು ನಿಮಿಷ ಬೇಕು, ಸ್ನಿಗ್ಧತೆ ಸಂದಿಯ ಅಡ್ಡಕ್ಕೆ ಹರಡಲು ನಾಲ್ಕೂವರೆ ನಿಮಿಷ. ವೇಗವನ್ನು ನಿಧಾನ ಏರಿಸಿ, ಹದಿನೈದು ನಿಮಿಷ ಬಿಟ್ಟು ನೋಡಲು ಶುರು ಮಾಡಿ.

ತಳದ ಕಲಕಾಟ ಮಾತ್ರ ನಿಜವಾದ ಅಡ್ಡಿ. ನಿಮ್ಮೊಬ್ಬರದಲ್ಲ, ಈ ಕ್ಷೇತ್ರವನ್ನೇ ವರ್ಷಗಟ್ಟಲೆ ಕಾಡಿದ್ದು. ಚಹಾದಲ್ಲಿ ಚಮಚ ತಿರುವಿ ಬಿಟ್ಟರೆ ಪುಡಿ ತಳದ ನಡುವೆ ಕೂಡುತ್ತದಲ್ಲ, ಅದೇ ಹರಿವು. ನಿಮ್ಮ ತಳ ಹೊರಗಿನ ಸಿಲಿಂಡರಿನ ಜೊತೆ 36ರಲ್ಲಿ ತಿರುಗುತ್ತದೆ, ಅದರ ಮೇಲಿನ ನೀರು ಅದಕ್ಕಿಂತ ಜೋರು. ತಳಕ್ಕೆ ಅಂಟಿದ ಅರ್ಧ ಮಿಲಿಮೀಟರ್ ಪದರ ಮಾತ್ರ ಹಿಂದೆ ಬೀಳುತ್ತದೆ. ಹೊರಗಿನ ಒತ್ತಡ ಅದನ್ನು ಒಳಗೆ ತಳ್ಳುತ್ತದೆ. ಅದು ಒಳ ಸಿಲಿಂಡರಿಗೆ ಬಡಿದು ಮೇಲೇರಿ, ಸಂದಿಯೊಳಗೆ ಚಿಮ್ಮುತ್ತದೆ. ಇದು ಎಕ್‌ಮನ್ ಹರಿವು.

2011ರಲ್ಲಿ ಮೇರಿಲ್ಯಾಂಡ್‌ನ ಪ್ರಯೋಗವೊಂದು ಒಳ ಸಿಲಿಂಡರಿನ ಮೇಲಿನ ತಿರುಚುಬಲ ಅಳೆದು, ಅರೆ-ಕೆಪ್ಲರ್ ಹರಿವೂ ಕಲಕುತ್ತದೆ ಎಂದಿತು. ಪ್ರಿನ್ಸ್‌ಟನ್‌ನದಕ್ಕೆ ನೇರ ವಿರುದ್ಧ. 2012ರಲ್ಲಿ ಆವಿಲಾ ಎಂಬ ಸಂಶೋಧಕರು ಎರಡೂ ಉಪಕರಣಗಳನ್ನು ಕಂಪ್ಯೂಟರಿನಲ್ಲಿ ಹಾಕಿ ನೋಡಿದಾಗ ಕಲಕಾಟದ ಮೂಲ ಸಂದಿಯ ಮೇಲಿನ-ಕೆಳಗಿನ ತುದಿಯ ಮುಚ್ಚಳಗಳು (ನಿಮ್ಮಲ್ಲಿ ತಳ) ಎಂದು ಕಂಡಿತು. ನಿಮ್ಮ ತಳದ 40 ಮಿ.ಮೀ. ಆ ಇಡೀ ವಾದದ ಸಣ್ಣ ಪ್ರತಿ. ಅದನ್ನು ಪ್ರಾಜೆಕ್ಟಿನಿಂದ ಅಳಿಸಬೇಡಿ, ಮುಂಚೆ ಮತ್ತು ನಂತರ ಎಂದು ಎರಡು ಫೋಟೊ ಹಾಕಿ.

ಪೂರ್ತಿ ಹೋಗದು, ಕಡಿಮೆ ಮಾಡಬಹುದು. ಪ್ರಿನ್ಸ್‌ಟನ್‌ನವರು ಮುಚ್ಚಳವನ್ನು ಉಂಗುರಗಳಾಗಿ ಸೀಳಿ ಬೇರೆ ಬೇರೆ ವೇಗದಲ್ಲಿ ತಿರುಗಿಸಿದರು. ಜರ್ಮನಿಯ ಡ್ರೆಸ್ಡನ್‌ನವರ ದಾರಿ ಇನ್ನೂ ಅಗ್ಗ: ಮುಚ್ಚಳದ ಒಳಭಾಗವನ್ನು ಒಳ ಸಿಲಿಂಡರಿಗೆ, ಹೊರಭಾಗವನ್ನು ಹೊರಗಿನದಕ್ಕೆ ಕೂಡಿಸಿದರು, ಸೀಳು ಸಂದಿಯ 0.4ರಷ್ಟು ದೂರದಲ್ಲಿ. ನಿಮಗೆ ಅದು 35 ಕೂಡಿಸು 6, ಅಂದರೆ 41 ಮಿ.ಮೀ. ತ್ರಿಜ್ಯ. ಹೆಚ್ಚಿನ ಮೋಟರ್ ಬೇಕಿಲ್ಲ.


ತಾರಿಹಾಳ_ಲೇಥ್:

ಅದು ಒಂದು ತಾಸಿನ ಕೆಲಸ. 3 ಮಿ.ಮೀ. ಅಕ್ರಿಲಿಕ್‌ನ್ಯಾಗ 82 ವ್ಯಾಸದ ಬಿಲ್ಲೆ, ಒಳ ಸಿಲಿಂಡರಿನ ತಳಕ್ಕ ಮೂರು ಸ್ಕ್ರೂ, ತಲಿ ಒಳಗ ಮುಳುಗಿರ್ಲಿ. ತಳದಿಂದ 2 ಮಿ.ಮೀ. ಮ್ಯಾಲೆ ನಿಲ್ಲಿಸ್ರಿ. ಹೊರಗಿನದರ ತಳಕ್ಕ 5 ಮಿ.ಮೀ. ದಪ್ಪದ ಉಂಗುರ, ಹೊರವ್ಯಾಸ 100ಕ್ಕ ಕೂಡೂವಂಗ, ಒಳವ್ಯಾಸ 84. ಎರಡರ ಮ್ಯಾಲಿನ ಮೈ ಸಮ ಬರತೈತಿ, ನಡುವ 1 ಮಿ.ಮೀ. ಸಂದಿ. ಉಂಗುರ ಕ್ಲೋರೊಫಾರ್ಮ್‌ಲೆ ಅಂಟಸೂದು ಅಂದ್ರ ಕಿಟಕಿ ತಗದು, ಸಿರಿಂಜ್‌ಲೆ ಎರಡ ಹನಿ ಅಂಚಿಗೆ ಬಿಡ್ರಿ, ತಾನ ಎಳಕೊಳ್ತೈತಿ. ಬಿಲ್ಲೆ ಮತ್ತು ಉಂಗುರ ತಿಕ್ಕಿದ್ರ ‘ಕಿರ್ರ್’ ಅಂತ ಸುತ್ತಿಗೊಮ್ಮೆ ಸಪ್ಪಳ ಬರತೈತಿ. ಅದು ಶಾಫ್ಟ್ ಗೆರಿ ತಪ್ಪಿದ್ದರ ಗುರುತು, ಬಿಲ್ಲೆ ಉಜ್ಜಿ ಸಣ್ಣದು ಮಾಡಬ್ಯಾಡ್ರಿ.


ಕಪ್ಪತಗುಡ್ಡ_ಗದಗ:

ಮಾಡತೇನ್ರಿ. ಕೊನಿ ಪ್ರಶ್ನೆ ಎರಡು. ನುಣುಪು ಕಂಡ್ರ ಶಾಂತ ಅಂತ ಪರೀಕ್ಷಕರಿಗೆ ತೋರಿಸೂದು ಹೆಂಗ? ಮತ್ತ ಮೊದಲ ಸುಳಿ ಏಳೂ ಗಳಿಗಿ ತೋರಿಸಾಕ 1.2 ಆರ್‌ಪಿಎಂ ಭಾಳ ಕಡಿಮಿ, ಮೋಟರ್ ಜಗ್ಗಿ ಜಗ್ಗಿ ತಿರುಗತೈತಿ. ಗ್ಲಿಸರಿನ್ ಹಾಕಲೇನು?


ಸುತ್ತುಬಲ_ಧಾರವಾಡ:

ಮೊದಲನೆಯದಕ್ಕೆ ಬಣ್ಣ. ಸಂದಿಯಿಂದಲೇ 2 ಮಿ.ಲೀ. ದ್ರವ ತೆಗೆದು ಅದರಲ್ಲಿ ತಿನ್ನುವ ಬಣ್ಣ ಕಲಸಿ, ಇಲ್ಲವಾದರೆ ಬಣ್ಣ ತೂಕಕ್ಕೇ ಇಳಿಯುತ್ತದೆ. ಉದ್ದ ಸೂಜಿಯಿಂದ ನಡು ಎತ್ತರದಲ್ಲಿ ನಿಧಾನ ಬಿಡಿ. ಶಾಂತ ಹರಿವಿನಲ್ಲಿ ಅದು ಸುತ್ತ ಎಳೆದು ತೆಳು ಹಾಳೆಯಾಗುತ್ತದೆ, ಮೇಲಿನ ಕೆಳಗಿನ ಅಂಚು ಚೂಪಾಗಿಯೇ ಇರುತ್ತದೆ. 60 ಮತ್ತು 20ರ ಹಳೆಯ ಅನುಪಾತದಲ್ಲಿ ಕೆಲವೇ ಸುತ್ತಿನಲ್ಲಿ ಎಲ್ಲ ಕಡೆ ಒಂದೇ ಬಣ್ಣ. ಆಮೇಲೆ ಒಂದು ಕಡ್ಡಿ ಇಳಿಸಿ ಹತ್ತು ಸೆಕೆಂಡ್ ಕಲಕಿ ತೆಗೆಯಿರಿ. ಹರಿವು ತಾನಾಗಿ ಶಾಂತವಾಗಲು ಎಷ್ಟು ಸಮಯ ಬೇಕಾಯಿತು, ವಿಡಿಯೊದಲ್ಲಿ ಅಳೆಯಿರಿ. ಐದು ನಿಮಿಷದೊಳಗೆ ಆಗಬೇಕು. ತಾನಾಗಿ ಶಾಂತವಾಗಿದ್ದುದಕ್ಕಿಂತ ಕೆಣಕಿದರೂ ಶಾಂತವಾಯಿತು ಅನ್ನುವುದು ಗಟ್ಟಿ ಸಾಕ್ಷಿ.

‘ಹಾಗಾದರೆ ನಿಜವಾದ ತಟ್ಟೆಯಿಂದ ಅನಿಲ ನಕ್ಷತ್ರಕ್ಕೆ ಬೀಳುವುದು ಹೇಗೆ?’ ಎಂದು ಕೇಳಿಯೇ ಕೇಳುತ್ತಾರೆ. ಉತ್ತರದ ಒಂದು ಭಾಗ ಕಾಂತಕ್ಷೇತ್ರ. ವೆಲಿಖೋವ್ 1959ರಲ್ಲಿ, ನಮ್ಮ ಚಂದ್ರಶೇಖರ್ 1960ರಲ್ಲಿ ಇದೇ ಎರಡು ಸಿಲಿಂಡರಿನ ಲೆಕ್ಕದಲ್ಲೇ ತೋರಿಸಿದ್ದು: ವಿದ್ಯುತ್ ಹರಿಯುವ ದ್ರವಕ್ಕೆ ಸ್ವಲ್ಪ ಕಾಂತಕ್ಷೇತ್ರ ಕೊಟ್ಟರೆ ಶಾಂತ ಹರಿವೂ ಕದಡುತ್ತದೆ. ಬಾಲ್ಬಸ್ ಮತ್ತು ಹಾಲಿ 1991ರಲ್ಲಿ ಅದನ್ನು ತಟ್ಟೆಗಳಿಗೆ ಅನ್ವಯಿಸಿದರು. ಪ್ರಿನ್ಸ್‌ಟನ್‌ನವರು ಗ್ಯಾಲಿಯಂ ಮಿಶ್ರಲೋಹ ತುಂಬಿ, ಈ ಕದಡಾಟವನ್ನು ಕಂಡೆವೆಂದು 2022ರಲ್ಲಿ ಬರೆದರು. ಆದರೆ ಗ್ರಹ ಹುಟ್ಟುವ ತಟ್ಟೆಯ ನಡುಪದರ ತಣ್ಣಗೆ, ವಿದ್ಯುತ್ ಸರಿಯಾಗಿ ಹರಿಯದು. ಅಲ್ಲಿ ಕಾಂತಕ್ಷೇತ್ರದ ಹಿಡಿತ ಸಡಿಲ. ಧೂಳು ತೆಳ್ಳಗೆ ಕೂಡುವುದೂ ಅಲ್ಲೇ. ಹಾಗಾಗಿ ನಿಮ್ಮ ಬರೀ ನೀರಿನ ಪ್ರಯೋಗ ಹೋಲುವುದು ಆ ಪದರವನ್ನು.

ಗ್ಲಿಸರಿನ್ ಹಾಕಬಹುದು. ತೂಕದಲ್ಲಿ ಅರ್ಧಕ್ಕರ್ಧ ಬೆರೆಸಿದರೆ ಸ್ನಿಗ್ಧತೆ ನೀರಿನ ಐದು ಪಟ್ಟು, ಮೊದಲ ಸುಳಿ 6 ಆರ್‌ಪಿಎಂ ಆಸುಪಾಸಿಗೆ ಬರುತ್ತದೆ, ಮೋಟರ್ ಜಗ್ಗುವುದಿಲ್ಲ. ವೇಗವನ್ನು ಅರ್ಧ ಅರ್ಧ ಸುತ್ತು ಏರಿಸಿ, ಪ್ರತಿ ಸಲ ಐದು ನಿಮಿಷ ಕಾಯಿರಿ. ಅವಸರ ಮಾಡಿದರೆ ಸುಳಿ ತಡವಾಗಿ ಎದ್ದಂತೆ ಕಂಡು ಅಂಕಿ ಮೇಲೆ ಬರುತ್ತದೆ.

ಒಂದೇ ಎಚ್ಚರಿಕೆ: ಬಣ್ಣಕ್ಕೆ ಪೊಟ್ಯಾಸಿಯಂ ಪರ್ಮಾಂಗನೇಟ್ ಹರಳು ಹಾಕುವ ರೂಢಿ ಲ್ಯಾಬುಗಳಲ್ಲಿ ಇದೆ. ಗ್ಲಿಸರಿನ್ ಇರುವ ಮೇಜಿನ ಹತ್ತಿರ ಅದರ ಬಾಟಲಿಯನ್ನೂ ತರಬೇಡಿ. ತೆಳು ದ್ರಾವಣದಲ್ಲಿ ಕಂದು ರಾಡಿ ಆಗಿ ಅಕ್ರಿಲಿಕ್ ಕಲೆ ಹಿಡಿಯುತ್ತದೆ; ಗಟ್ಟಿ ಗ್ಲಿಸರಿನ್ ಮೇಲೆ ಹರಳು ಬಿದ್ದರೆ ತಾನಾಗಿ ಬೆಂಕಿ ಹತ್ತುತ್ತದೆ.